ಲವೆಲ್ ಕುಣಿದ ಭಾನುವಾರ

ಅಮೆರಿಕದ ಮೆಂಫಿಸ್ ನಗರದಲ್ಲಿ ಕಪ್ಪು ಜನರ ಕೇರಿಯಾದ ಆರೆಂಜ್ ಮೌಂಡ್‌ನಲ್ಲಿ ಲವೆಲ್ ಕುಣಿಯಲು ನಿಂತನೆಂದರೆ ಹೋಗುವ ಕಾರುಗಳೂ ನಿಧಾನವಾಗುತ್ತಿದ್ದವು. ಕ್ಷೌರದಂಗಡಿ ಇಟ್ಟುಕೊಂಡಿದ್ದ ದೊಡ್ಡ ಮೈಕಟ್ಟಿನ ಆಳು ಅವನು. ಬಾಗಿಲಿನಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು. ಅಂಥವನು ಬೂಟಿನ ತುದಿಯ ಮೇಲೆ ಏರಿ ಜೂಕಿಂಗ್ ಎಂಬ ಆ ಊರಿನ ಜಾರುಹೆಜ್ಜೆಯ ಕುಣಿತ ಶುರುಮಾಡಿದರೆ ಡಾಂಬರು ಅವನ ಕಾಲಡಿಯಲ್ಲಿ ನೀರಾಗಿಬಿಡುತ್ತಿತ್ತು. ಚಿಕ್ಕಂದಿನಿಂದ ನೋಡಿಯೂ ಗೆಳೆಯ ಕಾರ್ವಿನ್‌ನ ಕಣ್ಣು ದಣಿದಿರಲಿಲ್ಲ. ತಮ್ಮ ಕಡೆಯ ಗಂಡಸರ ಕುಣಿತವನ್ನು ಸಿನಿಮಾ ಮಾಡುವ ಮನಸ್ಸಾದಾಗ ಅವನು ಮೊದಲು ಹೋದದ್ದು ಲವೆಲ್‌ನ ಅಂಗಡಿಗೆ.

"ಆಗಲ್ಲ ಮಗಾ," ಎಂದ ಲವೆಲ್. "ಅಪ್ಪ ಹೋದ್ಮೇಲೆ ಕಾಲೇ ಏಳ್ತಿಲ್ಲ."

ಕುಣಿತ ಕಲಿಸಿದವನೇ ಆ ಅಪ್ಪ. ಮಣ್ಣು ಮಾಡಿದ ದಿನವೂ ಲವೆಲ್ ಅತ್ತಿರಲಿಲ್ಲ.

"ಸುಮ್ನೆ ನಿಂತ್ಕೋ. ಅದನ್ನೇ ತೆಗೀತೀನಿ," ಎಂದ ಕಾರ್ವಿನ್.

"ನಾನು ನಿಂತಿರೋದನ್ನ ನೋಡೋಕೆ ನಿಮ್ಮಮ್ಮನೂ ಬರಲ್ಲ ಕಣೋ!"

ಬೈದರೂ ಭಾನುವಾರ ಚರ್ಚು ಬಿಟ್ಟ ಮೇಲೆ ಬಂದ. ಮುಚ್ಚಿಹೋಗಿದ್ದ ಸ್ಕೇಟಿಂಗ್ ಅಂಗಳದ ಮುಂದಿನ ಬಯಲು. ಕಾರಿನಲ್ಲಿ ಹಾಡು ಹಾಕಿದರು. ಮೊದಲು ಪಾದ ಅಲುಗಿತು, ಆಮೇಲೆ ಮಂಡಿ. ನೋಡನೋಡುತ್ತಿದ್ದಂತೆ ಲವೆಲ್ ತೇಲತೊಡಗಿದ. ಸುತ್ತು ಹೊಡೆದು ನಿಂತು, ಬಾಯ್ತುಂಬ ನಕ್ಕ. ಅಪ್ಪನ ಮೆಚ್ಚಿನ ಹೆಜ್ಜೆಗೆ ಬಂದಾಗ ಮಾತ್ರ ಕಾಲು ನಿಂತುಬಿಟ್ಟಿತು. ಕುಸಿದು ಕುಳಿತು ಬಿಕ್ಕಿಬಿಕ್ಕಿ ಅತ್ತ. ಕಾರ್ವಿನ್ ಕ್ಯಾಮೆರಾ ನಿಲ್ಲಿಸಲು ಕೈ ಹಾಕಿದ.

"ಆರಿಸ್ಬೇಡ್ವೋ," ಎಂದ ಲವೆಲ್, ಮುಖ ಎತ್ತದೆ.

ಹಾಡು ಮುಗಿಯುವುದರೊಳಗೆ ಅವನು ಅಂಗಿಯಿಂದ ಮುಖ ಒರೆಸಿಕೊಂಡು ಎದ್ದು ಆ ಹೆಜ್ಜೆಯನ್ನು ಪೂರ್ತಿ ಮಾಡಿದ.

ವಾರ ಕಳೆದು ಕಾರ್ವಿನ್ ಜೋಡಿಸಿದ ಚಿತ್ರ ತೋರಿಸಿದ. ಲವೆಲ್ ನೋಡಿ ಕೆಂಡವಾದ.

"ನನ್ನ ನಗು ಎಲ್ಲೋ?"

"ಅಳು ಎದೆಗೆ ನಾಟುತ್ತೆ ಕಣೋ. ಅದಕ್ಕೇ..."

"ನಾವು ಅಳೋದನ್ನ ಟೀವಿಯೋರು ದಿನಾ ತೋರಿಸ್ತಾರೆ. ಅದಕ್ಕೆ ನೀನ್ಯಾಕೆ ಬೇಕು? ಎದ್ದು ಕುಣಿದೋನು ಯಾರು, ನಿಮ್ಮ ತಾತಾನಾ?"

ಕಾರ್ವಿನ್‌ಗೆ ಕಪಾಳಕ್ಕೆ ಬಿದ್ದಂತಾಯಿತು. ಇಷ್ಟು ವರ್ಷ ಕಣ್ಣರಳಿಸಿ ನೋಡಿದ್ದನ್ನೇ ತಾನು ಕತ್ತರಿಸಿ ಎಸೆದಿದ್ದ. ಮನೆಗೆ ಹೋಗಿ ಆ ಹಾಡಿನುದ್ದದ ಚಿತ್ರವನ್ನು ಎಲ್ಲೂ ತುಂಡರಿಸದೆ ಹಾಗೆಯೇ ಇಟ್ಟ.

ಚರ್ಚಿನ ಸಭಾಂಗಣದಲ್ಲಿ ಪ್ರದರ್ಶನ. ಹುರಿದ ಮೀನು, ಎಲೆಕೋಸಿನ ಪಲ್ಯ ಮುಗಿಸಿ ಜನ ಕುಳಿತರು. ಪರದೆಯ ಮೇಲೆ ಲವೆಲ್ ನಕ್ಕಾಗ ಹೆಂಗಸರು ಕೇಕೆ ಹಾಕಿದರು. ಅತ್ತಾಗ ಕುರ್ಚಿಯೊಂದೂ ಕಿರ್ರೆನ್ನಲಿಲ್ಲ. ಅವನು ಎದ್ದದ್ದೇ ತಡ, ಹಾಲ್‌ಗೆ ಹಾಲೇ ಎದ್ದಿತು.

ದೀಪ ಹತ್ತಿದಾಗ ಲವೆಲ್‌ನ ದೊಡ್ಡಪ್ಪ ಹೋಸಿಯಾ ಮಾತ್ರ ಕುಳಿತೇ ಇದ್ದರು. ರೈಲ್ವೆಯಲ್ಲಿ ದುಡಿದು ಬಡಕಲಾದ, ಮಾತು ಕಮ್ಮಿಯ ಮುದುಕ. ಲವೆಲ್ ಹೆದರುತ್ತಲೇ ಹತ್ತಿರ ಹೋದ.

"ಬೇಜಾರಾಯ್ತಾ ದೊಡ್ಡಪ್ಪಾ?"

"ನನ್ನ ತಮ್ಮನ್ನ ಮಣ್ಣು ಮಾಡಿ ಬಂದು, ಟ್ರಕ್ಕಲ್ಲಿ ಬಾಗಿಲು ಹಾಕ್ಕೊಂಡು ಅತ್ತೆ ಕಣೋ. ಯಾರಾದ್ರೂ ನೋಡ್ಬಿಟ್ಟಾರು ಅಂತ," ಎಂದರು ಹೋಸಿಯಾ. "ನೀನು ಎಲ್ರ ಎದುರಿಗೇ ಅತ್ತು, ಎದ್ದು ಕುಣಿದ್ಯಲ್ಲೋ. ಎಂಥ ಗುಂಡಿಗೆಯೋ ನಿಂದು!"

ಲವೆಲ್ ಬಗ್ಗಿ ಅವರನ್ನು ತಬ್ಬಿಕೊಂಡ. ಹೋಸಿಯಾ ಅವನ ಹೆಗಲ ಮೇಲಿಂದಲೇ ಕಾರ್ವಿನ್‌ನನ್ನು ಗದರಿದರು: "ಏನೋ ಬಾಯಿ ಬಿಟ್ಕೊಂಡು ನಿಂತಿದೀಯ? ಇನ್ನೊಂದ್ಸಲ ಹಾಕೋ!"