ಎಳ್ಳಮಾಸಿಯ ಉಡಿ

ಗಡಹಿಂಗ್ಲಜದ ಹಳ್ಳದ ದಂಡೆಯ ತುಂಡು ಹೊಲವನ್ನು ಕಲ್ಲವ್ವ ಯಾರನ್ನೂ ಕೇಳದೆ ಉಳತೊಡಗಿ ಬರುವ ಯುಗಾದಿಗೆ ಹನ್ನೆರಡು ವರ್ಷ. ಕಾಗದದಲ್ಲಿ ಅದು ಕೊಲ್ಹಾಪುರದ ಬೆಲ್ಲದ ವ್ಯಾಪಾರಿ ಗುರುಸಿದ್ದನದು. ಅಲ್ಲಿ ಬರೀ ಜಾಲಿಕಂಟಿ ಇದ್ದಾಗ ಅವನು ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಇಚಲಕರಂಜಿಯ ಮಗ್ಗದಲ್ಲಿ ದುಡಿಯುವ ಗಂಡ ಯಮನಪ್ಪ ವಕೀಲರನ್ನು ಕೇಳಿಕೊಂಡು ಬಂದಿದ್ದ. "ಹನ್ನೆರಡು ವರ್ಷ ತುಂಬೂತನಾ ಮಾಲಕನ ಅಪ್ಪಣಿಲೇ ಅದೀವಿ ಅನ್ನೂವಂಗ ಏನೂ ಆಗಬಾರ್ದು. ಅವ ಕೋರ್ಟಿಗೂ ಹೋಗಬಾರ್ದು. ತುಂಬಿತಂದ್ರ ಹೊಲಾ ನಮ್ದ."

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಕಲ್ಲವ್ವ ಬೆಳೆಗೆ ಎಡೆಯ ಚರಗ ಚೆಲ್ಲಿ, ಅಕ್ಕಪಕ್ಕದ ಹೊಲದವರನ್ನು ಊಟಕ್ಕೆ ಕೂರಿಸಿದ್ದಳು. ಅಷ್ಟರಲ್ಲಿ ಗುರುಸಿದ್ದ ಹೆಂಡತಿ ಗೌರವ್ವನೊಂದಿಗೆ ಬಂದ. ಊರಹಿರಿಯ ಅಲ್ಲಪ್ಪನನ್ನೂ ಕರೆತಂದಿದ್ದ. ಗೌರವ್ವನ ಚೀಲದಿಂದ ಹೊಸ ಸೀರೆಯ ಅಂಚು ಇಣುಕುತ್ತಿತ್ತು.

ಕಲ್ಲವ್ವನಿಗೆ ಥಟ್ಟನೆ ಹೊಳೆಯಿತು. ಕೋರ್ಟಿಗೆ ದುಡ್ಡು ಸುರಿಯುವುದಕ್ಕಿಂತ ಅವನಿಗೆ ಸೀರೆ ಸೋವಿ! ಮಾಲಕನ ಹೆಂಡತಿಯ ಕೈಯಿಂದ ಉಡಿ ತುಂಬಿಸಿಕೊಂಡರೆ ತಾನು ಅವರ ಅಪ್ಪಣೆಯಲ್ಲಿ ಉಳುವ ಆಳು, ಸಾಕ್ಷಿಗೆ ಅಲ್ಲಪ್ಪ. ಉಡಿ ಬೇಡವೆನ್ನಲು ಯಾವ ಮುತ್ತೈದೆಗೆ ಬಾಯಿ ಬರುತ್ತದೆ?

"ಬರ್ರಿ ಅಕ್ಕಾರ, ಹೊಲಕ್ಕ ಬಂದ ಮುತ್ತೈದಿ, ಸೆರಗ ಒಡ್ರಿ!" ಎಂದು ಕಲ್ಲವ್ವನೇ ಮುಂದೆ ನುಗ್ಗಿದಳು.

ಗೌರವ್ವನ ಬುದ್ಧಿಗಿಂತ ಮೊದಲು ಸೆರಗು ಚಾಚಿತು. ಚೀಲ ಗಂಡನ ಕೈ ಸೇರಿತು. ಕಲ್ಲವ್ವ ಪೂಜೆಗೆ ತಂದಿದ್ದ ಅಕ್ಕಿ, ಕುಬಸದ ಕಣ, ತೆಂಗಿನಕಾಯಿ ಅದರೊಳಗೆ ಬಿದ್ದದ್ದೇ ಬಿದ್ದದ್ದು.

"ಏ ಗೌರಾ, ಸೀರಿ! ಸೀರಿ ಕೊಡು!" ಗುರುಸಿದ್ದ ಹಲ್ಲು ಕಡಿದ.

"ಎರಡೂ ಕೈಯಾಗ ಉಡಿ ಹಿಡದೇನ್ರಿ. ಮನಿ ದೇವರ ಮುಂದ ಬಿಚ್ಚೂತನಾ ಕೆಳಗ ಇಡಾಕ ಬರ್ತೈತೇನು?"

"ಹಂಗಾರ ನೀವ ತುಂಬ್ರಿ ಸಾವ್ಕಾರ್ರ," ಎಂದು ಪಕ್ಕದ ಹೊಲದ ಫಕೀರವ್ವ ಕಿಸಕ್ಕೆಂದಳು. ಗಂಡಸು ಉಡಿ ತುಂಬುವುದೆಂದರೆ! ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಲ್ಲಪ್ಪ ಆಗಲೇ ಎಲೆ ಮುಂದೆ ಕೂತಿದ್ದ. "ಕೂಡ್ರಿ ಸಾವ್ಕಾರ್ರ. ಕಲ್ಲವ್ವನ ಹೊಲದ ಬದನಿಕಾಯಿ ಭಾಳ ರುಚಿ!"

ಹಸಿದಿದ್ದ ಗುರುಸಿದ್ದ ಕೂತ. ಉಂಡ. ಊರೆಲ್ಲ ನೋಡುತ್ತಿರುವಾಗ ಉಂಡು ಹೋದವನಿಗೆ ಫಿರ್ಯಾದಿ ಹಾಕಲು ಮುಖವೆಲ್ಲಿ? ಇಂದು ನಾಳೆ ಎನ್ನುವಷ್ಟರಲ್ಲಿ ಯುಗಾದಿ ದಾಟಿತು.

ಮರುವರ್ಷ ಎಳ್ಳಮಾಸಿಗೆ ಗೌರವ್ವ ಒಬ್ಬಳೇ ಬಂದು ಬದುವಿನ ಮೇಲೆ ನಿಂತಳು. "ಕಲ್ಲವ್ವಾ, ಬರ್ಲೇನ ಒಳಗ?"

"ಬರ್ರಿ ಅಕ್ಕಾರ! ಇದೂ ನಿಮ್ಮ ಹೊ..." ಎಂದವಳು ನಾಲಿಗೆ ಕಚ್ಚಿಕೊಂಡು, "ನಿಮ್ಮ ತವರಮನಿ ಇದ್ದಂಗ!" ಎಂದಳು.