ಸೋಮವಾರವೂ ಸಾಮು

ನನ್ನ ತಮ್ಮ ಬಸವಲಿಂಗನನ್ನು ಸೋಲಿಸಿದವನು ಸುರೇಬಾನದ ಭರಮಪ್ಪ ಎಂದು ಬೈಲಹೊಂಗಲದ ಜನ ಇವತ್ತಿಗೂ ಹೇಳುತ್ತಾರೆ. ಹೇಳಿಕೊಳ್ಳಲಿ, ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಅವನನ್ನು ಕೆಡವಿದವನು ನಾನು, ಅವನ ಸ್ವಂತ ಅಣ್ಣ ರಾಮಲಿಂಗಪ್ಪ.

ನಾನೂ ಒಂದು ಕಾಲಕ್ಕೆ ಪೈಲ್ವಾನನೇ. ಎಂಬತ್ತಮೂರರಲ್ಲಿ ತಂಗಿ ಸೀತವ್ವನನ್ನು ಸಿರಸಂಗಿಗೆ ಮದುವೆ ಮಾಡಿ ಕೊಟ್ಟೆವು. ಮದುವೆಯ ಗಡಿಬಿಡಿಯಲ್ಲಿ ಹದಿನೈದು ದಿನ ಗರಡಿಯ ಕಡೆ ತಲೆ ಹಾಕದೆ, ಹೋಳಿಗೆ ತುಪ್ಪ ಚೆನ್ನಾಗಿ ಬಾರಿಸಿ, ಆಮೇಲೆ ಸವದತ್ತಿಯ ಕುಸ್ತಿ ಕಣಕ್ಕಿಳಿದೆ. ಎರಡೇ ನಿಮಿಷಕ್ಕೆ ಅಂಗಾತ ಬಿದ್ದೆ. ಊರಿಗೆ ಬರುವಷ್ಟರಲ್ಲಿ ನನಗೆ 'ಹೋಳಗಿ ಪೈಲ್ವಾನ' ಎಂಬ ಹೆಸರು ಬಂದಿತ್ತು. ಎದುರಾಳಿ ನನಗಿಂತ ಚೆನ್ನಾಗಿ ಆಡಿದ್ದ ಎಂಬ ಸರಳ ಸಂಗತಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಆ ಹದಿನೈದು ದಿನದ ಬಿಡುವೇ ನನ್ನನ್ನು ಕೆಡವಿತು ಎಂದು ಗಟ್ಟಿಯಾಗಿ ನಂಬಿಬಿಟ್ಟೆ.

ಬಸವಲಿಂಗ ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಹದಿಮೂರನೇ ವಯಸ್ಸಿಗೆ ತಾನಾಗಿಯೇ ಗರಡಿಗೆ ಹೋದ, ಯಾರೂ ದೂಡಿರಲಿಲ್ಲ. ಕಿವಿಯೊಳಗೆ, ಕೂದಲೊಳಗೆ ಕೆಮ್ಮಣ್ಣು ತುಂಬಿಕೊಂಡು ಬಂದು ಅವ್ವನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ. ಬೈಸಿಕೊಳ್ಳುತ್ತಲೇ ಹಿತ್ತಲಿಗೆ ಹೋಗಿ ಹೋರಿಗರುವಿನ ಕೊರಳು ಹಿಡಿದು ಅದರ ಮೇಲೆ ಹೊಸ ಪಟ್ಟು ಹಾಕಿ ನೋಡುತ್ತಿದ್ದ. ಇಪ್ಪತ್ತು ತುಂಬುವಷ್ಟರಲ್ಲಿ ಸುತ್ತಿನ ತಾಲ್ಲೂಕುಗಳಲ್ಲಿ ಅವನ ಎದುರು ನಿಲ್ಲುವವರು ಕಡಿಮೆಯಾದರು. ನನ್ನ ಕಣ್ಣು ಕಿತ್ತೂರಿನ ಕುಸ್ತಿಯಲ್ಲಿ ಗೆದ್ದವನಿಗೆ ಕೊಡುವ ಬೆಳ್ಳಿ ಗದೆಯ ಮೇಲೆ ಬಿತ್ತು. ಅಂದಿನಿಂದ ಅವನ ಸಾಮು ನನ್ನ ಕೈಗೆ ಬಂತು.

ಗರಡಿ ನಡೆಸುತ್ತಿದ್ದವರು ವಸ್ತಾದ ಮುದಕಪ್ಪ. ಸೋಮವಾರ ಅವರು ಗರಡಿಯ ಬಾಗಿಲು ತೆಗೆಯುತ್ತಿರಲಿಲ್ಲ. "ಆರು ದಿನ ಮುರದ ಮೈ ಏಳನೇ ದಿನಕ್ಕ ಕೂಡತೈತಿ" ಎನ್ನುತ್ತಿದ್ದರು. ನಾನು ಒಳಗೊಳಗೇ ನಕ್ಕೆ. ಸೋಮವಾರ ನಸುಕಿನಲ್ಲಿ ತಮ್ಮನನ್ನು ಎಬ್ಬಿಸಿ ಹೊಲದವರೆಗೆ ಓಡಿಸಿದೆ, ಅಲ್ಲೇ ಬದುವಿನ ಮೇಲೆ ಸಾವಿರ ಬಸ್ಕಿ, ಐನೂರು ದಂಡ ಹೊಡೆಸಿದೆ. ಎತ್ತುಗಳು ಬೇವಿನ ಗಿಡದ ಕೆಳಗೆ ಮಲಗಿ ಮೆಲುಕು ಹಾಕುತ್ತ ಅವನನ್ನು ನೋಡುತ್ತಿದ್ದವು.

ಇದು ಅವ್ವ ಸಿದ್ದಲಿಂಗವ್ವನ ಕಿವಿಗೆ ಬಿತ್ತು. "ಸೋಮವಾರ ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ಲ ನೀ, ಬಸವಣ್ಣನ ವಾರ ಅಂತಿ. ಒಡಹುಟ್ಟಿದವಂಗ ಒಂದ ದಿನಾನೂ ಬಿಡುವಿಲ್ಲೇನೋ?"

"ಎತ್ತೇನ ಗದಾ ಗೆಲ್ಲಬೇಕಾಗೈತೇನಬೇ ಯವ್ವಾ?" ಎಂದೆ. ಕಟ್ಟೆಯ ಮೇಲೆ ಕುಳಿತವರೆಲ್ಲ ನಕ್ಕರು. ಬಸವಲಿಂಗನೂ ನಕ್ಕ. ನನ್ನ ಮಾತಿನ ಜಾಣತನಕ್ಕೆ ನಾನೇ ಉಬ್ಬಿಹೋದೆ.

ಮೂರು ವರ್ಷ ಹೀಗೆ ನಡೆಯಿತು. ತೊಂಬತ್ತೊಂಬತ್ತರ ಬೇಸಿಗೆಗೆ ಅವನು ಹಾಲಿನ ತಂಬಿಗೆಯನ್ನು ಅರ್ಧಕ್ಕೇ ಬಿಡತೊಡಗಿದ. ಎಬ್ಬಿಸಲು ಹೋದರೆ ಕಣ್ಣು ತೆರೆದೇ ಮಲಗಿರುತ್ತಿದ್ದ. ನೆಗಡಿ ಬಂದರೆ ತಿಂಗಳಾದರೂ ಹೋಗುತ್ತಿರಲಿಲ್ಲ. ಹಿತ್ತಲಲ್ಲಿ ಹೊಸ ಕರು ಹುಟ್ಟಿತ್ತು, ಅದನ್ನು ಅವನು ಮುಟ್ಟಿಯೂ ನೋಡಲಿಲ್ಲ. ನನಗೆ ಇದೆಲ್ಲ ಸೋಮಾರಿತನವಾಗಿ ಕಂಡಿತು. ಬಸ್ಕಿ ಇನ್ನೂರು ಹೆಚ್ಚಿಸಿದೆ.

ಶ್ರಾವಣದಲ್ಲಿ ಒಂದು ದಿನ ಅವನೇ ಕೇಳಿದ. "ಅಣ್ಣಾ, ಎಂಟ ದಿನ ಸಿರಸಂಗಿಗೆ ಹೋಗಿ ಬರಲೇನು? ಸೀತಕ್ಕ ಕರಿಯಾಕ ಹತ್ಯಾಳ."

"ಕಿತ್ತೂರು ಮುಗೀಲಿ. ಆಮ್ಯಾಲ ತಿಂಗಳಗಟ್ಟಲೆ ಕುಂತು ಉಣ್ಣು."

"ಎಂಟ ಬ್ಯಾಡ, ನಾಕ ದಿನ."

"ಹೋಳಗಿ ಪೈಲ್ವಾನ ಅನ್ನಿಸ್ಕೊಬೇಕಂತೀಯೇನು?"

ಅವನು ಮತ್ತೆ ಕೇಳಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಗರಡಿಗೆ ಹೋದ. ಆ ನಡಿಗೆ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಂದು ಮಾತ್ರ ಅದರಲ್ಲಿ ನನಗೆ ಏನೂ ಕಾಣಲಿಲ್ಲ.

ಕಿತ್ತೂರಿನ ಕುಸ್ತಿಗೆ ಇಪ್ಪತ್ತು ದಿನ ಇರುವಾಗ ವಸ್ತಾದರು ತಾವಾಗಿ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ. "ರಾಮಲಿಂಗ, ಹುಡುಗಗ ಹತ್ತ ದಿನ ಮಣ್ಣ ಮುಟ್ಟಸಬ್ಯಾಡ. ಅವ ಕಣಕ್ಕ ಇಳೀತಾನ, ಪಟ್ಟ ಹಾಕತಾನ, ಖರೆ ಆಡಾಕ ಹತ್ತಿಲ್ಲ. ಹೊಟ್ಟಿ ತುಂಬಿದ ಮ್ಯಾಲ ಹುಗ್ಗಿ ಮುಳ್ಳ ಅಂತಾರಲ್ಲ, ಹಂಗಾಗೈತಿ."

"ನಿಮ್ಮ ಕಾಲ ಮುಗೀತ್ರಿ ವಸ್ತಾದರ" ಎಂದೆ. ಇಪ್ಪತ್ತು ವರ್ಷ ನನಗೂ ನನ್ನ ತಮ್ಮನಿಗೂ ವಿದ್ಯೆ ಕಲಿಸಿದ ಮನುಷ್ಯನಿಗೆ ನನ್ನದೇ ಪಡಸಾಲೆಯಲ್ಲಿ ನಿಂತು ಹಾಗೆಂದೆ. ಅವರು ಚಪ್ಪಲಿ ಮೆಟ್ಟಿ ಹೋದರು.

ಕಿತ್ತೂರಿನಲ್ಲಿ ಗದೆಯ ಕಡೆಯ ಜೋಡಿ ನನ್ನ ತಮ್ಮನದೂ ಸುರೇಬಾನದ ಭರಮಪ್ಪನದೂ. ಬಸವಲಿಂಗ ಅವನನ್ನು ಹಿಂದೆ ಎರಡು ಸಲ ಚಿತ್ ಮಾಡಿದ್ದ. ಗದೆ ಮನೆಗೆ ಬಂದಂತೆಯೇ ಎಂದು ನಾನು ಪಕ್ಕದವರಿಗೆಲ್ಲ ಹೇಳುತ್ತ ಕುಳಿತಿದ್ದೆ. ಹಲಗೆ ಬಾರಿಸುವ ಸಪ್ಪಳ, ಜನರ ಕೂಗು. ಮೂರನೇ ನಿಮಿಷಕ್ಕೆ ಭರಮಪ್ಪ ಸೊಂಟಕ್ಕೆ ಕೈ ಹಾಕಿದ. ಅದಕ್ಕೆ ಉತ್ತರ ಬಸವಲಿಂಗನಿಗೆ ಹದಿನೈದನೇ ವಯಸ್ಸಿಗೇ ಗೊತ್ತಿತ್ತು. ಕಾಲು ಹಿಂದೆ ಇಟ್ಟು ಮೈ ತಿರುಗಿಸಿದರೆ ಸಾಕಿತ್ತು. ಅವನು ತಿರುಗಲಿಲ್ಲ. ಎರಡೂ ಹೆಗಲು ಮಣ್ಣಿಗೆ ಹತ್ತಿದವು.

ಭರಮಪ್ಪ ಎದ್ದು ಕುಣಿದ, ಇವನು ಏಳಲಿಲ್ಲ. ಪೆಟ್ಟಾಯಿತೆಂದು ನಾನು ನೀರಿನ ತಂಬಿಗೆ ಹಿಡಿದು ಓಡಿದೆ. ಹೊಲದಿಂದ ಬಂದವನು ಕಟ್ಟೆಯ ಮೇಲೆ ಅಡ್ಡಾದ ಹಾಗೆ ಕಣ್ಣು ಮುಚ್ಚಿ ಮಲಗಿದ್ದ. ವರ್ಷದಿಂದ ಗಂಟಿಕ್ಕಿಕೊಂಡಿದ್ದ ಹುಬ್ಬು ಸಡಿಲಾಗಿತ್ತು.

"ಏನ ಆಗಿಲ್ಲಣ್ಣಾ. ಒಂದ ಚೂರ ಹಿಂಗ ಬಿದ್ದಿರತೇನಿ."

ಆಮೇಲೆ ನಾನೇ ಅವನನ್ನು ಬಸ್ಸು ಹತ್ತಿಸಿ ಸಿರಸಂಗಿಗೆ ಕಳಿಸಿದೆ. ನಾಲ್ಕು ದಿನ ಕೇಳಿದ್ದವನಿಗೆ ಎರಡು ತಿಂಗಳು ಕೊಟ್ಟೆ. ಆರು ತಿಂಗಳು ಕೊಟ್ಟೆ. ವಸ್ತಾದರ ಕಾಲಿಗೆ ಬಿದ್ದು, ತಮ್ಮನನ್ನು ಗರಡಿಗೆ ಕರೆಯಲು ಅವರನ್ನೇ ಕಳಿಸಿದೆ. ಬಸವಲಿಂಗ ಅವರಿಗೆ ಚಹಾ ಕುಡಿಸಿ, ಪಾದ ಮುಟ್ಟಿ ಕಳಿಸಿಕೊಟ್ಟ. ಗರಡಿಯ ಹೊಸ್ತಿಲು ಮಾತ್ರ ತುಳಿಯಲಿಲ್ಲ. ವಸ್ತಾದರು ತೀರಿಕೊಂಡು ಈಗ ಐದು ವರ್ಷ. ಗರಡಿಯಲ್ಲಿ ಯಾರೋ ಸಿಮೆಂಟು ಚೀಲ ಒಟ್ಟಿದ್ದಾರೆ. ಬಸವಲಿಂಗ ಬಜಾರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ, ಹೊಟ್ಟೆ ಬಂದಿದೆ. ಮೊದಲ ಮಳೆಗೆ ಮಣ್ಣಿನ ವಾಸನೆ ಎದ್ದರೆ ಗಿರಣಿಯ ಕಿಟಕಿ ಮುಚ್ಚುತ್ತಾನೆ. ನನ್ನ ಮೇಲೆ ಒಂದು ದಿನವೂ ಸಿಟ್ಟು ಮಾಡಿಲ್ಲ. ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹೋದ ವಾರ, ಎರಡು ಸಾವಿರದ ಏಳರ ಈ ಸುಡುಬೇಸಿಗೆಯಲ್ಲಿ, ಜೋಳ ಬೀಸಿಸಲು ಹೋದಾಗ ಗಿರಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಎಂಟು ವರ್ಷದಿಂದ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಕಿತ್ತೂರಾಗ ನಿನಗ ಆ ಪಟ್ಟು ಬರತಿತ್ತಲ್ಲೋ ತಮ್ಮಾ. ಯಾಕ ತಿರುಗಲಿಲ್ಲ?"

ಅವನು ಗಿರಣಿ ನಿಲ್ಲಿಸಿದ. ಕೈಗೆ ಹತ್ತಿದ ಹಿಟ್ಟು ಜಾಡಿಸಿಕೊಂಡ.

"ಗೆದ್ದಿದ್ರ ನೀ ನನ್ನ ಬಿಡತಿದ್ದೇನಣ್ಣಾ?"

ಬಿಡುತ್ತಿದ್ದೆ ಎನ್ನಲು ಬಾಯಿ ತೆರೆದೆ. ಗೆದ್ದಿದ್ದರೆ ಮರುದಿನವೂ ನಸುಕಿನ ನಾಲ್ಕಕ್ಕೇ ಎಬ್ಬಿಸುತ್ತಿದ್ದೆ.