ಮೂರರಲ್ಲೊಂದು ಪಾಲು

ಪರದೆಯ ಕೆಳಗಿಂದ ಜೈತುನ್‌ಬಿಯ ಎಡಗೈ ಹೊರಗೆ ಬಂತು. ತಮ್ಮ ದಾದಾಪೀರ್ ಅದರ ಹೆಬ್ಬೆರಳನ್ನು ಮಸಿಗೆ ಒತ್ತಿ, ಪತ್ರದ ಕಡೆ ಎಳೆಯಲು ನೋಡಿದ. ಅವನಿಗೆ ಅವಸರ.

"ತಡೀರಿ," ಎಂದರು ಸಬ್‌ರಿಜಿಸ್ಟ್ರಾರ್ ವಾಮದೇವಪ್ಪ. "ಮೊದ್ಲು ಅವರ್ನ ಕೇಳ್ಬೇಕು, ಆಮ್ಯಾಲೆ ಹೆಬ್ಬೆಟ್ಟು."

ಅದು ನಯಾಪೈಸೆ ಬಂದ ವರ್ಷ. ಗೋಷಾದ, ಎಂದರೆ ಪರದೆಯೊಳಗಿನ ಹೆಂಗಸರು ಕಚೇರಿಗೆ ಬರಬೇಕಿಲ್ಲ, ಅಧಿಕಾರಿಯೇ ಮನೆಗೆ ಹೋಗಬಹುದು ಎಂಬ ಕಾನೂನಿತ್ತು. ಹಾಗಾಗಿ ವಾಮದೇವಪ್ಪ ಹರಿಹರದ ಬಿಸಿಲಲ್ಲಿ ಛತ್ರಿ ಹಿಡಿದು ಬಂದು, ನಡುಮನೆಯ ಬಾಗಿಲಿಗೆ ಕಟ್ಟಿದ ಹಳೆ ಜಮಖಾನದೆದುರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಳಗಿರುವಾಕೆ ಜೈತುನ್‌ಬಿಯೇ ಹೌದೆಂದು ಪಕ್ಕದ ಮನೆಯ ಕಮಲಕ್ಕ ಮುಖ ನೋಡಿ ಬಂದು ಹೇಳಿಯೂ ಆಗಿತ್ತು.

ಗಂಡ ಸತ್ತ ಮೇಲೆ ಜೈತುನ್‌ಬಿ ದಾವಣಗೆರೆಯ ಒಂದು ಬಾಡಿಗೆ ಕೋಣೆಯಲ್ಲಿದ್ದು, ಹೆಣ್ಣುಮಕ್ಕಳಿಗೆ ಕುರಾನ್ ಓದಲು ಕಲಿಸುತ್ತಿದ್ದಳು. ಹನ್ನೊಂದು ಮಕ್ಕಳ ಗಲಾಟೆ ತಡೆಯದೆ ಮಾಲೀಕ ಕೋಣೆ ಖಾಲಿ ಮಾಡಿ ಎಂದಿದ್ದ. ತೀರಿಹೋದ ಅಪ್ಪನ ಮನೆಯ ಹಿಂದಿನ ಕೋಣೆ ಸುಮ್ಮನೆ ಬಿದ್ದಿದೆಯಲ್ಲ, ಅಲ್ಲೇ ಬಂದು ಹರಿಹರದ ಮಕ್ಕಳಿಗೆ ಕಲಿಸುತ್ತೇನೆ ಎಂದು ತಮ್ಮನಿಗೆ ಹೇಳಿ ಕಳಿಸಿದಳು. ವಾರದೊಳಗೆ, ಮನೆಯ ಖಾತೆಗೆ ಒಂದು ಹೆಬ್ಬೆಟ್ಟು ಬೇಕು, ಬಾ ಎಂದು ಕರೆ ಬಂತು. ಬಸ್‌ಸ್ಟ್ಯಾಂಡಿಗೇ ಬಂದು ಕರೆದೊಯ್ದ ತಮ್ಮನ ಈ ಹೊಸ ಪ್ರೀತಿ ಆಕೆಗೆ ಯಾಕೋ ಸರಿಕಾಣಲಿಲ್ಲ.

ವಾಮದೇವಪ್ಪ ಪರದೆಯ ಕಡೆ ಬಾಗಿದರು. "ಅಮ್ಮಾ, ಈ ಮನಿಯಾಗಿನ ನಿಮ್ಮ ಹಕ್ಕೆಲ್ಲ ತಮ್ಮಗೆ ಬಿಟ್ಟು ಕೊಡ್ತೀನಿ ಅಂತ ಪತ್ರದಾಗೈತೆ. ಒಪ್ಪಿಗೆ ಐತೇನ್ರಿ?"

"ಹ್ಞೂಂರಿ," ಎಂದಿತು ಒಳಗಿನ ದನಿ.

ದಾದಾಪೀರನ ಮುಖ ಅರಳಿತು. ವಾಮದೇವಪ್ಪ ಪೆನ್ನು ಎತ್ತಿಕೊಂಡರು.

"ಸಾಹೇಬ್ರೇ," ಪರದೆಯಾಚೆಯಿಂದ ಬೇರೊಂದು ದನಿ ಬಂತು. "ಈಗ ಹ್ಞೂಂ ಅಂದಾಕಿ ನಾನಲ್ಲ, ನನ್ನ ತಮ್ಮನ ಹೆಂಡ್ತಿ ಬೀಬಿಜಾನ್. ಜೈತುನ್‌ಬಿ ಅಂದ್ರೆ ನಾನು. ನನ್ನ ಒಪ್ಪಿಗೆ ಇಲ್ಲ."

ಹೊರಗಿದ್ದ ಕೈ ಒಳಗೆ ಹೋಯಿತು.

"ಆಪಾ!" ದಾದಾಪೀರ್ ಎದ್ದು ನಿಂತ. "ಪರದೆಯಾಗ ಕುಂತ ಹೆಣ್ಣು ಪರಗಂಡಸ್ರ ಮುಂದೆ ಹಿಂಗೆ ಮಾತಾಡ್ತಾರೇನು? ದೀನು, ಧರ್ಮ ತಿಳಿದಾಕಿ ನೀನು!"

"ತಿಳಿದಿದ್ದಕ್ಕೇ ಮಾತಾಡಾಕತ್ತೀನಿ. ಪರದೆ ನಾನೇ ಬೇಕಂತ ಹಾಕ್ಕಂಡಿದ್ದು. ಬಾಯಿಗೆ ಹಾಕ್ಕಂಡಿಲ್ಲ. ಅಪ್ಪನ ಆಸ್ತಿಯಾಗ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಅಂತ ಅಲ್ಲಾನೇ ಹೇಳ್ಯಾನೆ. ನಿನ್ನ ಎರಡರ ಮ್ಯಾಲೆ ನಾನು ಯಾವತ್ತಾರ ಕಣ್ಣು ಹಾಕೀನೇನು?"

ದಾದಾಪೀರ್ ಅಧಿಕಾರಿಯ ಕಡೆ ತಿರುಗಿದ. "ಹೆಣ್ಮಕ್ಳು ಏನೋ ಅಂತಾರೆ, ನೀವು ಬರ್ಕಳ್ರಿ ಸ್ವಾಮಿ."

ವಾಮದೇವಪ್ಪನವರಿಗೆ ಯಾರ ಪಾಲಿನ ಗೊಡವೆಯೂ ಬೇಕಿರಲಿಲ್ಲ. ಪಿಂಚಣಿಗೆ ಎರಡೇ ವರ್ಷ ಬಾಕಿ, ಅಲ್ಲಿಯವರೆಗೆ ನೌಕರಿ ಬೇಕಿತ್ತು. "ಆಗಂಗಿಲ್ಲಪ್ಪಾ. ಆಯಮ್ಮ ಇಲ್ಲ ಅಂದ್ಮ್ಯಾಲೆ ಇಲ್ಲ," ಎಂದು, ಒಪ್ಪಿಗೆ ಸಿಗಲಿಲ್ಲವೆಂದು ಷರಾ ಬರೆದರು. "ಇದಕ್ಕೊಂದು ಹೆಬ್ಬೆಟ್ಟು ಒತ್ರಿ ಅಮ್ಮಾ."

"ಪೆನ್ ಕೊಡ್ರಿ."

ಪೆನ್ನೂ ಕಾಗದವೂ ಪರದೆಯ ಕೆಳಗೆ ಹೋಗಿ, ಬಲದಿಂದ ಎಡಕ್ಕೆ ಬರೆದ ಒಂದು ಉರ್ದು ಸಾಲಿನೊಂದಿಗೆ ಮರಳಿದವು. ವಾಮದೇವಪ್ಪನವರಿಗೆ ಅದರ ತಲೆಬುಡ ತಿಳಿಯಲಿಲ್ಲ. "ದಾದಾಪೀರ್, ಇದು ನಿಮ್ಮಕ್ಕನ ಹೆಸರೇ ಹೌದೇನಪ್ಪಾ?"

ದಾದಾಪೀರ್ ಕಾಗದ ತೆಗೆದುಕೊಂಡು ಓದಿ ವಾಪಸ್ ಕೊಟ್ಟ.

"ಹ್ಞೂಂರಿ."

ಮಸೀದಿಯಲ್ಲಿ ಮಧ್ಯಾಹ್ನದ ಅಜಾನ್ ಆಯಿತು. ಜೈತುನ್‌ಬಿ ಬಚ್ಚಲಲ್ಲಿ ಕೂತು ಹೆಬ್ಬೆರಳಿನ ಮಸಿಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಬೀಬಿಜಾನ್ ತಲೆ ತಗ್ಗಿಸಿ ಚೊಂಬಿನಿಂದ ನೀರು ಹಾಕುತ್ತಿದ್ದಳು. ಜೈತುನ್‌ಬಿಗೆ ಅವಳ ಮೇಲೆ ಸಿಟ್ಟಿತ್ತು, ಹೇಳದಿದ್ದರೂ ಅವಳು ಮತ್ತೆ ಚೊಂಬು ತುಂಬಿಕೊಂಡಿದ್ದನ್ನು ಕಂಡು ಕನಿಕರವೂ ಆಯಿತು. ಮಸಿ ಪೂರ್ತಿ ಹೋದ ಮೇಲೆ ಬೀಬಿಜಾನ್ ಹೊರಬಾಗಿಲ ಕಡೆ ಒಮ್ಮೆ ನೋಡಿ, ಮನೆಮಾತಾದ ಉರ್ದುವಿನಲ್ಲಿ ಪಿಸುಗುಟ್ಟಿದಳು:

"ಆಪಾ, ಅಬ್ಬಾ ಅಮ್ಮಾ ಹೋದ ಮೇಲೆ ರಾಣೆಬೆನ್ನೂರಿನ ನನ್ನ ತವರುಮನೆಯಲ್ಲಿ ಅಣ್ಣ ಒಬ್ಬನೇ ಇದ್ದಾನೆ. ನಾವು ಹೆಣ್ಣುಮಕ್ಕಳು ಇಬ್ಬರು, ನಾನು, ನನ್ನ ತಂಗಿ. ನನಗೆಷ್ಟು ಬರುತ್ತೆ?"

ಜೈತುನ್‌ಬಿ ಒದ್ದೆ ಕೈಯ ನಾಲ್ಕು ಬೆರಳು ಎತ್ತಿದಳು. ಅಣ್ಣನವೆಂದು ಎರಡು ಮಡಿಸಿದಳು, ತಂಗಿಯದೆಂದು ಒಂದು. ಉಳಿದ ಬೆರಳಿನ ತುದಿಯಿಂದ ನೀರು ಒಂದೊಂದೇ ಹನಿಯಾಗಿ ಬೀಳುತ್ತಿತ್ತು.